ಕಳಿಸಿದ 👍 ಎಲ್ಲಿ ಹೋಯಿತು? ದೋಷ ಹುಡುಕುವ ಬಗೆ

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಸಾಲಾಗಿ ಬತ್ತಿದ್ದು ಯಾರಿಗೂ ಮರೆತಿರಲಾರದು. ನಾಗರಭಾವಿ ಕಡೆಯ ನಮ್ಮ ಬಡಾವಣೆಯ ಸಂಘ ಟ್ಯಾಂಕರ್ ನೀರನ್ನು ಒಟ್ಟಿಗೆ ತರಿಸಿ ಮನೆಮನೆಯ ಸಂಪ್‌ಗೆ ತುಂಬಿಸುವ ಏರ್ಪಾಡು ಮಾಡಿತ್ತು. ಸಂಜೆ ಪ್ರತಿ ಮನೆಗೂ ಒಂದು ಲಿಂಕ್ ಹೋಗುತ್ತಿತ್ತು. ತೆರೆದರೆ ಒಂದೇ ಖಾನೆ: ನಾಳೆ ನೀರು ಬೇಕಾ, ಎಷ್ಟು ಹೊತ್ತಿಗೆ? ಜನ ಅಲ್ಲಿ ಬರೆದು ಕಳಿಸುತ್ತಿದ್ದರು. ಸಂಘದ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವವನು ನಾನು. ರಾತ್ರಿ ಒಂಬತ್ತಕ್ಕೆ ಪಟ್ಟಿ ತೆಗೆದು ಟ್ಯಾಂಕರ್‌ನವರಿಗೆ ಕೊಡುತ್ತಿದ್ದೆ.

ನಾಲ್ಕನೇ ಕ್ರಾಸಿನ ಹಿರಿಯರೊಬ್ಬರ ಮನೆಗೆ ಎರಡು ದಿನ ನೀರು ಹೋಗಲಿಲ್ಲ. ಮೂರನೇ ದಿನ ಅವರೇ ಫೋನ್ ಮಾಡಿದರು. "ಅಲ್ಲಪ್ಪಾ, ಎರಡು ದಿನವೂ ನಾನು ಒಪ್ಪಿಗೆ ಕಳಿಸಿದ್ದೀನಲ್ಲ. ಟ್ಯಾಂಕರ್ ನಮ್ಮನೆ ಮುಂದೇನೇ ಹೋಯ್ತು, ನಿಲ್ಲಿಸ್ಲೇ ಇಲ್ಲ."

"ಸಾರ್, ನಿಮ್ಮ ಸಾಲು ಖಾಲಿ ಇದೆ," ಎಂದೆ.

ಅವರ ಮನೆಗೆ ಹೋದೆ. ಮಗಳಿಗೆ ತೋರಿಸಲೆಂದು ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದರು. ಬರೆದದ್ದು ಹೀಗಿತ್ತು: "👍 ಬೆಳಿಗ್ಗೆ 7ರೊಳಗೆ ಬಂದರೆ ಉಪಕಾರ. ಮನೆಯಲ್ಲಿ ಹುಷಾರಿಲ್ಲದವರಿದ್ದಾರೆ." ಅವರ ಪಕ್ಕದ ಮನೆಯವರು ಬರೆದಿದ್ದು "ಬೇಕು, 9ರ ನಂತರ 👍" ಎಂದು. ಅದು ನಮ್ಮ ಪಟ್ಟಿಯಲ್ಲಿ "ಬೇಕು, 9ರ ನಂತರ" ಎಂದು ಬಂದಿತ್ತು, ಕೊನೆಯ ಹೆಬ್ಬೆರಳು ಮಾತ್ರ ಇರಲಿಲ್ಲ. ಎರಡು ಸಾಲನ್ನೂ ಅಕ್ಕಪಕ್ಕ ಇಟ್ಟಾಗ ದೋಷ ಸಿಕ್ಕಿತು. ಇಮೋಜಿ ಇದ್ದ ಜಾಗದಿಂದ ಮುಂದಿನದೆಲ್ಲ ಕತ್ತರಿಸಿ ಹೋಗುತ್ತಿತ್ತು. ಮೊದಲಿಗೇ ಹೆಬ್ಬೆರಳು ಒತ್ತಿದವರ ಉತ್ತರ ಪೂರ್ತಿ ಮಾಯ.

ಆಮೇಲಿನ ತಿಂಗಳುಗಳಲ್ಲಿ ಇದೇ ಜಾತಿಯ ತೊಂದರೆಗಳನ್ನು ಬೇರೆ ಬೇರೆ ಕಡೆ ನೋಡಿದ್ದೇನೆ. ನಾನು ಈಗ ಹುಡುಕುವ ರೀತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಬ್ಬೆರಳಿನ ಜಾಗದಲ್ಲಿ ಏನು ಕಾಣುತ್ತಿದೆ?

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. "ಇಮೋಜಿ ಬರ್ತಿಲ್ಲ" ಎಂದರೆ ಸಾಲದು. ಬರದಿದ್ದಲ್ಲಿ ಏನು ಬಂದಿದೆ ಎಂಬುದೇ ದೋಷದ ಜಾಗವನ್ನು ಹೇಳುತ್ತದೆ.

👍 ಚಿತ್ರದಂತೆ ಕಂಡರೂ ಕಂಪ್ಯೂಟರಿಗೆ ಅದು "ಕ", "ಗ" ಇದ್ದಹಾಗೆ ಒಂದು ಅಕ್ಷರ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್ ಪಟ್ಟಿಯಲ್ಲಿ ಅದರ ಸಂಖ್ಯೆ 1ಎಫ್44ಡಿ. 2010ರಲ್ಲಿ ಬಂದ ಯುನಿಕೋಡ್ 6.0 ಆವೃತ್ತಿಯಲ್ಲಿ ಅದಕ್ಕೆ ಜಾಗ ಸಿಕ್ಕಿತು. ನಿಮ್ಮ ಫೋನಿನಿಂದ ಹೋಗುವುದು ಈ ಸಂಖ್ಯೆ ಮಾತ್ರ. ಹಳದಿ ಹೆಬ್ಬೆರಳನ್ನು ಬಿಡಿಸುವುದು ಓದುವವರ ಸಾಧನದಲ್ಲಿರುವ ಫಾಂಟ್. ವಿಂಡೋಸ್‌ನಲ್ಲಿ ಸೆಗೋ ಯುಐ ಇಮೋಜಿ, ಆ್ಯಪಲ್‌ನಲ್ಲಿ ಆ್ಯಪಲ್ ಕಲರ್ ಇಮೋಜಿ, ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ನೋಟೋ ಕಲರ್ ಇಮೋಜಿ. ಒಂದೇ ಹೆಬ್ಬೆರಳು ಒಂದೊಂದು ಫೋನಿನಲ್ಲಿ ಒಂದೊಂದು ರೀತಿ ಕಾಣುವುದು ಇದಕ್ಕೇ, ಅದು ದೋಷವಲ್ಲ.

ಖಾಲಿ ಚೌಕ ಕಂಡರೆ ನೆಮ್ಮದಿಯಿಂದಿರಿ. ಅಕ್ಷರ ಸುರಕ್ಷಿತವಾಗಿದೆ, ಅದನ್ನು ಬಿಡಿಸುವ ಫಾಂಟ್ ಅಲ್ಲಿಲ್ಲ ಅಷ್ಟೆ. ಆ ಚೌಕವನ್ನೇ ಕಾಪಿ ಮಾಡಿ ನಿಮ್ಮ ಫೋನಿಗೆ ಕಳಿಸಿ ನೋಡಿ, ಹೆಬ್ಬೆರಳಾಗಿ ಎದ್ದು ಬರುತ್ತದೆ. ಪರದೆಯ ಮೇಲೆ ಸರಿಯಿದ್ದು ಪಿಡಿಎಫ್ ರಸೀದಿಯಲ್ಲಿ ಮಾತ್ರ ಚೌಕ ಬಂದರೂ ಇದೇ ಕಾರಣ. ಪರದೆಯಲ್ಲಿ ಕನ್ನಡ ಫಾಂಟಿನಲ್ಲಿ ಇಲ್ಲದ ಚಿಹ್ನೆಯನ್ನು ಕಂಪ್ಯೂಟರೇ ಬೇರೆ ಫಾಂಟಿನಿಂದ ತಂದು ಕೊಡುತ್ತದೆ. ಪಿಡಿಎಫ್ ತಯಾರಿಸುವ ಅನೇಕ ತಂತ್ರಾಂಶಗಳು ಆ ಉಪಕಾರ ಮಾಡುವುದಿಲ್ಲ, ಇಮೋಜಿ ಫಾಂಟನ್ನು ನಾವೇ ಸೇರಿಸಿಕೊಡಬೇಕು.

ಪ್ರಶ್ನಾರ್ಥಕ ಚಿಹ್ನೆ ಕಂಡರೆ ವಿಷಯ ಬೇರೆ. ನಡುವೆ ಎಲ್ಲೋ ಒಂದು ಕಡೆ 👍 ಗೊತ್ತಿಲ್ಲದ ತಂತ್ರಾಂಶ ಅದನ್ನು "?" ಎಂದು ಬದಲಿಸಿದೆ. ಹೀಗೆ ಬದಲಾದದ್ದೇ ಉಳಿದುಹೋಗಿದ್ದರೆ ಆ ಹೆಬ್ಬೆರಳು ಹೋದದ್ದು ಹೋಯಿತು, ಯಾವ ಫಾಂಟ್ ಹಾಕಿದರೂ ವಾಪಸು ಬರುವುದಿಲ್ಲ. ಕಪ್ಪು ವಜ್ರದಾಕೃತಿಯೊಳಗೆ ಪ್ರಶ್ನಾರ್ಥಕ ಇದ್ದರೆ ಬೈಟ್‌ಗಳು, ಅಂದರೆ ಕಂಪ್ಯೂಟರ್ ಅಕ್ಷರವನ್ನು ಉಳಿಸಿಡುವ ತುಣುಕುಗಳು, ಅರ್ಧಕ್ಕೆ ತುಂಡಾಗಿರುವ ಸಂಭವ ಹೆಚ್ಚು. ಸಂದೇಶವನ್ನು ಇಷ್ಟೇ ಬೈಟ್‌ಗೆ ಕತ್ತರಿಸುವ ಕಡೆ ಇದು ಹೆಚ್ಚು.

ಮೇಲೆ ಟೋಪಿ, ಚುಕ್ಕಿ ಇರುವ ಯುರೋಪಿನ ಅಕ್ಷರಗಳ ಗೋಜಲು ಕಂಡರೆ, ಪಕ್ಕದ ಕನ್ನಡ ಹೇಗಿದೆ ನೋಡಿ. ಕನ್ನಡವೂ ಹಾಗೇ ಕೆಟ್ಟಿದ್ದರೆ ಇಮೋಜಿಯ ತಪ್ಪೇನೂ ಇಲ್ಲ, ಯುಟಿಎಫ್-8 (ಯುನಿಕೋಡ್ ಸಂಖ್ಯೆಗಳನ್ನು ಬೈಟ್‌ಗಳಾಗಿ ಬರೆದಿಡುವ ಕ್ರಮ) ಕಡತವನ್ನು ಬೇರೆ ಸಂಕೇತ ಎಂದುಕೊಂಡು ತೆರೆಯಲಾಗಿದೆ. ಸಿಎಸ್‌ವಿ ಕಡತವನ್ನು ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದಾಗ ಆಗುವುದು ಇದೇ. ಹಾಗೆ ತೆರೆಯದೆ ಎಕ್ಸೆಲ್‌ನ ಡೇಟಾ ಪಟ್ಟಿಯಿಂದ ಕಡತವನ್ನು ತರಿಸಿಕೊಂಡು, ಸಂಕೇತದ ಜಾಗದಲ್ಲಿ 65001 ಯುಟಿಎಫ್-8 ಆರಿಸಿ. ಒಂದು ಎಚ್ಚರಿಕೆ: ಕೆಟ್ಟು ಕಂಡ ಕಡತವನ್ನು ಸೇವ್ ಮಾಡಬೇಡಿ. ಮುಚ್ಚಿ, ಮತ್ತೆ ತೆರೆಯಿರಿ.

ಕನ್ನಡ ಚೆನ್ನಾಗಿದೆ, ಹೆಬ್ಬೆರಳು ಮಾತ್ರ ಹೋಗಿದೆ ಎಂದಾದರೆ

ನಮ್ಮ ಬಡಾವಣೆಯಲ್ಲಿ ಆದದ್ದು ಇದು. ನಾನು ದಾರಿ ತಪ್ಪಿದ್ದೂ ಇಲ್ಲೇ. ಕನ್ನಡ ಸರಿಯಾಗಿ ಉಳಿಯುತ್ತಿದೆ ಎಂದ ಮೇಲೆ ಯುನಿಕೋಡ್ ಸರಿಯಿದೆ, ತೊಂದರೆ ಜನರ ಫೋನಿನಲ್ಲೇ ಇರಬೇಕು ಎಂದುಕೊಂಡು ಎರಡು ಸಂಜೆ ಕಳೆದೆ.

ಲೆಕ್ಕ ಹೀಗಿದೆ. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. "ಕ್ಷ"ದಲ್ಲಿ ಕ, ಹಲಂತ, ಷ ಎಂದು ಮೂರು ಸಂಕೇತ, ಅಂದರೆ 9 ಬೈಟ್. 👍ಗೆ ಬೇಕಾದ್ದು 4 ಬೈಟ್: ಎಫ್0, 9ಎಫ್, 91, 8ಡಿ. ಒಂದು ಅಕ್ಷರಕ್ಕೆ 3 ಬೈಟ್‌ಗಿಂತ ಹೆಚ್ಚು ಜಾಗ ಕೊಡದ ಡೇಟಾಬೇಸ್‌ನಲ್ಲಿ ಕನ್ನಡ ಆರಾಮಾಗಿ ಕೂರುತ್ತದೆ, ಹೆಬ್ಬೆರಳಿಗೆ ಜಾಗ ಸಾಲುವುದಿಲ್ಲ. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಬಹುಕಾಲ "ಯುಟಿಎಫ್8" ಎಂಬ ಹೆಸರಿನಲ್ಲಿದ್ದದ್ದು ಇಂಥ 3 ಬೈಟ್‌ನ ಏರ್ಪಾಡು. ಪೂರ್ತಿ 4 ಬೈಟ್ ಹಿಡಿಸುವ "ಯುಟಿಎಫ್8ಎಂಬಿ4" ಬಂದದ್ದು 2010ರಲ್ಲಿ, 5.5.3 ಆವೃತ್ತಿಯೊಂದಿಗೆ. ಯಾರೂ ಕೇಳದಿದ್ದರೂ ತಾನಾಗಿ ಅದನ್ನೇ ಬಳಸಲು ಶುರುವಾದದ್ದು 2018ರ 8.0 ಆವೃತ್ತಿಯಿಂದ. ಅದಕ್ಕೆ ಮೊದಲು ಕಟ್ಟಿದ ಸಾಕಷ್ಟು ಟೇಬಲ್‌ಗಳು ಇವತ್ತಿಗೂ ಹಳೆಯ ಅಳತೆಯಲ್ಲೇ ಓಡುತ್ತಿವೆ.

ಇದನ್ನು ಹಿಡಿಯಲು ಒಂದು ಸುಲಭದ ಪರೀಕ್ಷೆ ಇದೆ. ನಾನು ಈಗ ಯಾವುದೇ ಹೊಸ ಫಾರಂ ಬಂದರೂ ಮೊದಲು ಇದನ್ನೇ ತುಂಬಿ ಕಳಿಸುತ್ತೇನೆ:

ಮೊದಲು ✅ ನಡುವೆ 👍 ಕೊನೆ

✅ ಚಿಹ್ನೆಯ ಸಂಖ್ಯೆ 2705. ಅದಕ್ಕೆ ಕನ್ನಡದಷ್ಟೇ 3 ಬೈಟ್ ಸಾಕು. ನೋಡಲು ಎರಡೂ ಇಮೋಜಿಗಳೇ ಆದರೂ ಡೇಟಾಬೇಸ್‌ನ ಕಣ್ಣಿಗೆ ಬೇರೆ ಬೇರೆ. ಪೂರ್ತಿ ಸಾಲು ವಾಪಸು ಬಂದರೆ ಎಲ್ಲ ಸರಿ. "ಮೊದಲು ✅ ನಡುವೆ" ಎಂದು ನಿಂತುಬಿಟ್ಟರೆ 3 ಬೈಟ್‌ನ ಟೇಬಲ್ ಮೆತ್ತಗೆ ಕತ್ತರಿಸಿದೆ. ಸಾಲು ಸೇರದೆ ದೋಷ ಸಂಖ್ಯೆ 1366 ಬಂದರೆ ಅದೇ ರೋಗ, ಆದರೆ ಡೇಟಾಬೇಸ್ ಕಟ್ಟುನಿಟ್ಟಾಗಿದೆ, ಬಾಯಿಬಿಟ್ಟು ಹೇಳಿದೆ. ನನಗೆ ಕೇಳಿದರೆ ಈ ಕಟ್ಟುನಿಟ್ಟೇ ಒಳ್ಳೆಯದು. ನಮ್ಮ ಹಳೆಯ ಸರ್ವರ್‌ನಲ್ಲಿ ಅದನ್ನು ಯಾರೋ ಆಫ್ ಮಾಡಿಟ್ಟಿದ್ದರು. ಇಲ್ಲದಿದ್ದರೆ ಮೊದಲ ಸಂಜೆಯೇ ಗೊತ್ತಾಗುತ್ತಿತ್ತು. ಹೆಬ್ಬೆರಳಿನ ಜಾಗದಲ್ಲಿ "?" ಬಂದು "ಕೊನೆ" ಉಳಿದಿದ್ದರೆ, ಟೇಬಲ್ ಸರಿಯಿದ್ದು ತಂತ್ರಾಂಶ ಮತ್ತು ಡೇಟಾಬೇಸ್ ನಡುವಿನ ಸಂಪರ್ಕ ಹಳೆಯ ಅಳತೆಯಲ್ಲಿರುವ ಸಂಭವ ಹೆಚ್ಚು.

ರಿಪೇರಿಗೆ ಮೊದಲು ಬ್ಯಾಕಪ್ ತೆಗೆಯಿರಿ. ಟೇಬಲನ್ನು ಯುಟಿಎಫ್8ಎಂಬಿ4ಗೆ ಬದಲಿಸಿ, ಸಂಪರ್ಕದ ಸೆಟ್ಟಿಂಗನ್ನೂ ಅದಕ್ಕೇ ಬದಲಿಸಿ. ಎರಡರಲ್ಲಿ ಒಂದನ್ನೇ ಮಾಡಿ ಬಿಟ್ಟವರು ಮತ್ತೆ ಪ್ರಶ್ನಾರ್ಥಕ ನೋಡುತ್ತಾರೆ. ಬದಲಿಸುವಾಗ ಹಳೆಯ ಆವೃತ್ತಿಗಳು ಇಂಡೆಕ್ಸ್ (ಬೇಗ ಹುಡುಕಲು ಇಟ್ಟ ಸೂಚಿ) ಉದ್ದವಾಯಿತು ಎಂದು ತಕರಾರು ತೆಗೆಯಬಹುದು. ಅಲ್ಲಿ ಇಂಡೆಕ್ಸಿಗೆ 767 ಬೈಟ್‌ನ ಮಿತಿ. 255 ಅಕ್ಷರದ ಕಾಲಂ 3 ಬೈಟ್ ಲೆಕ್ಕದಲ್ಲಿ 765 ಆಗಿ ಹಿಡಿಸುತ್ತಿತ್ತು, 4 ಬೈಟ್ ಲೆಕ್ಕದಲ್ಲಿ 1020 ಆಗಿ ಮೀರುತ್ತದೆ. ಇಂಡೆಕ್ಸನ್ನು 191 ಅಕ್ಷರಕ್ಕೆ ಇಳಿಸಿದರೆ ಹಿಡಿಸುತ್ತದೆ.

ಸರ್ವರ್ ನಿಮ್ಮ ಕೈಯಲ್ಲಿಲ್ಲ, ಮಾಡಿಕೊಟ್ಟವರು ಫೋನ್ ಎತ್ತುತ್ತಿಲ್ಲ ಎಂದರೆ? ಅಲ್ಲಿಯವರೆಗೆ 👍 ಬದಲು ✅ ಒತ್ತಿ ಎಂದು ಜನರಿಗೆ ಹೇಳಿ. ನಾವು ಮೂರು ದಿನ ಹಾಗೆಯೇ ನಡೆಸಿದೆವು, ಒಂದು ಉತ್ತರವೂ ಕಳೆದುಹೋಗಲಿಲ್ಲ.

ಇಮೋಜಿಯನ್ನೇ ಸೋಸಿ ತೆಗೆಯುವವರಿಗೆ

"ಇಮೋಜಿಯಿಂದ ತೊಂದರೆ ತಾನೆ, ತೆಗೆದುಹಾಕಿದರಾಯಿತು" ಎಂದು ಫಿಲ್ಟರ್ ಬರೆಯುವವರಿದ್ದಾರೆ. ನಮಗೂ ಮೊದಲು ಅದನ್ನೇ ಮಾಡಿಕೊಟ್ಟರು. ಮಾರನೇ ದಿನ ಒಬ್ಬರ ನೋಟಿಸಿನಲ್ಲಿ "ರ‍್ಯಾಲಿ" ಇದ್ದದ್ದು "ರ್ಯಾಲಿ" ಆಗಿತ್ತು. ರಕಾರಕ್ಕೆ ಯಕಾರದ ಒತ್ತು ಹೋಗಿ, ಯಾ ಪಕ್ಕ ಅರ್ಕಾವತ್ತು ಬಂದು ಕೂತಿತ್ತು.

ಕಾರಣ ಕಣ್ಣಿಗೆ ಕಾಣದ ಒಂದು ಅಕ್ಷರ, ಸಂಖ್ಯೆ 200ಡಿ. ಕುಟುಂಬದ ಚಿತ್ರ, ವೃತ್ತಿಯ ಚಿತ್ರಗಳಂಥ ಜೋಡಿ ಇಮೋಜಿಗಳನ್ನು ಅಂಟಿಸುವುದು ಇದೇ. ಕನ್ನಡದಲ್ಲಿ ರಕಾರವನ್ನು ಅರ್ಕಾವತ್ತಾಗದಂತೆ ತಡೆದು ರ‍್ಯಾಂಕ್, ರ‍್ಯಾಲಿ ಎಂದು ಬರೆಸುವುದೂ ಇದೇ. ಅದರ ಜೊತೆಗಾರ 200ಸಿ ಇಲ್ಲದಿದ್ದರೆ "ಬೋರ್‌ವೆಲ್" ಎಂಬಲ್ಲಿ ರಕಾರ ಹೋಗಿ ವಕಾರದ ಪಕ್ಕ ಅರ್ಕಾವತ್ತಾಗುತ್ತದೆ. ಕನ್ನಡ ಓದದವರು ಬರೆದ ಫಿಲ್ಟರ್ ಇವೆರಡನ್ನೂ ಕಸವೆಂದು ಗುಡಿಸಿಬಿಡುತ್ತದೆ. ಕನ್ನಡ ಬರುವ ಯಾವ ತಂತ್ರಾಂಶದಲ್ಲೂ ದಯವಿಟ್ಟು ಈ ಎರಡನ್ನು ಮುಟ್ಟಬೇಡಿ.

ಲೆಕ್ಕಕ್ಕೆ ಸಿಗದ ಹೆಬ್ಬೆರಳು

ಹೆಬ್ಬೆರಳು ಕಾಣುತ್ತಿದೆ, ಎಣಿಸಿದರೆ ಮಾತ್ರ ಕಡಿಮೆ ಬರುತ್ತಿದೆ. ಇದಕ್ಕೆ ಮುಖ್ಯವಾಗಿ ಎರಡು ಕಾರಣ.

ಮೊದಲನೆಯದು ಚರ್ಮದ ಬಣ್ಣ. 2015ರ ಯುನಿಕೋಡ್ 8.0ರಿಂದ ಹೆಬ್ಬೆರಳಿನ ನಂತರ ಬಣ್ಣದ ಗುರುತೊಂದನ್ನು ಸೇರಿಸಬಹುದು, ಒಟ್ಟು ಐದು ಬಣ್ಣ. 👍🏽 ಎಂಬುದು ಹೆಬ್ಬೆರಳು ಮತ್ತು ಬಣ್ಣ, ಎರಡು ಅಕ್ಷರ. "ಉತ್ತರ 👍ಗೆ ಸಮವೇ" ಎಂದು ನೋಡುವ ಸೂತ್ರ ಇದನ್ನು ಬೇರೆ ಎಂದು ಪಕ್ಕಕ್ಕಿಡುತ್ತದೆ. ಜನ ಕೀಬೋರ್ಡಿನಲ್ಲಿ ಒಮ್ಮೆ ಬಣ್ಣ ಆರಿಸಿದರೆ ಆಮೇಲೆ ಅದೇ ಬರುತ್ತಿರುತ್ತದೆ, ಅವರಿಗೆ ನೆನಪೂ ಇರುವುದಿಲ್ಲ. ಸೂತ್ರದಲ್ಲಿ "ಸಮವೇ" ಬದಲು "ಇದರಿಂದ ಶುರುವಾಗುತ್ತದೆಯೇ" ಎಂದು ಕೇಳಿ. ಹಳೆಯ ಸಾಧನಗಳಲ್ಲಿ ಹೆಬ್ಬೆರಳಿನ ಪಕ್ಕ ಕಂದು ಬಣ್ಣದ ಒಂಟಿ ಚೌಕ ಕಂಡರೆ ಅದೂ ಈ ಬಣ್ಣದ ಗುರುತೇ. ✔ ಚಿಹ್ನೆಯದೂ ಹೀಗೇ. ಅದು ಮೂಲದಲ್ಲಿ ಕಪ್ಪು ಅಕ್ಷರ. ಅದರ ನಂತರ ಎಫ್‌ಇ0ಎಫ್ ಎಂಬ ಕಾಣದ ಗುರುತು ಬಂದರೆ ಇಮೋಜಿಯಾಗಿ ಕಾಣಬೇಕು ಎಂದರ್ಥ. ಒಂದೇ ಸರಿ ಗುರುತು ಒಬ್ಬರಿಗೆ ಕಪ್ಪು, ಒಬ್ಬರಿಗೆ ಬಣ್ಣ ಕಾಣುವುದು ಇದರಿಂದ.

ಎರಡನೆಯದು ವಾಟ್ಸ್‌ಆ್ಯಪ್. 2022ರಲ್ಲಿ ಸಂದೇಶದ ಮೇಲೆಯೇ ಹೆಬ್ಬೆರಳು ಒತ್ತುವ ಅನುಕೂಲ ಬಂತು. ಕೆಳಗೆ 👍 ಎಂದು ಬರೆದು ಕಳಿಸಿದರೆ ಅದು ಒಂದು ಸಂದೇಶ, ಮೇಲೆ ಒತ್ತಿದರೆ ಸಂದೇಶಕ್ಕೆ ಅಂಟಿದ ಗುರುತು. ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ಎಣಿಸಿದರೆ ಮೇಲೆ ಒತ್ತಿದವು ಆ ಕಡತದಲ್ಲಿ ಇರುವುದಿಲ್ಲ. ಲೆಕ್ಕ ಬೇಕಾದಾಗ ಅದರಲ್ಲೇ ಇರುವ ಪೋಲ್ ಹಾಕುವುದು ಮೇಲು.

ಟೈಪ್ ಮಾಡಲೇ ಆಗುತ್ತಿಲ್ಲ ಎಂದರೆ

ವಿಂಡೋಸ್ ಕೀ ಮತ್ತು ಪೂರ್ಣವಿರಾಮದ ಕೀ ಒಟ್ಟಿಗೆ ಒತ್ತಿದರೆ ಇಮೋಜಿ ಪೆಟ್ಟಿಗೆ ತೆರೆಯಬೇಕು. ಮ್ಯಾಕ್‌ನಲ್ಲಿ ಕಂಟ್ರೋಲ್, ಕಮಾಂಡ್, ಸ್ಪೇಸ್. ವಿಂಡೋಸ್‌ನಲ್ಲಿ ಪೆಟ್ಟಿಗೆ ತೆರೆಯದಿದ್ದರೆ ಅಥವಾ ಒತ್ತಿದ್ದು ಬೀಳದಿದ್ದರೆ, ಟಾಸ್ಕ್ ಮ್ಯಾನೇಜರ್‌ನಲ್ಲಿ ಟೈಪಿಂಗ್ ನೋಡಿಕೊಳ್ಳುವ ಸಿಟಿಎಫ್‌ಮಾನ್ ಓಡುತ್ತಿದೆಯೇ ನೋಡಿ. ಕಂಪ್ಯೂಟರ್ ವೇಗ ಹೆಚ್ಚಿಸುತ್ತೇವೆಂದು ಬೇಡದ ಸೇವೆಗಳನ್ನು ನಿಲ್ಲಿಸುವವರು ಇದನ್ನೂ ನಿಲ್ಲಿಸಿರುತ್ತಾರೆ. ವರ್ಡ್‌ನಲ್ಲಿ ಇಂಗ್ಲಿಷ್ ಕೀಬೋರ್ಡಿಗೆ ಬದಲಿಸಿ, 1ಎಫ್44ಡಿ ಎಂದು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಬರೆದು ಆಲ್ಟ್ ಮತ್ತು ಎಕ್ಸ್ ಒತ್ತಿದರೂ ಬರುತ್ತದೆ. ಲಿನಕ್ಸ್‌ನ ಬಹಳಷ್ಟು ಕಡೆ ಕಂಟ್ರೋಲ್, ಶಿಫ್ಟ್, ಯು ಒತ್ತಿ ಅದೇ ಸಂಖ್ಯೆ ಬರೆದು ಎಂಟರ್.

ಕಚೇರಿ ಮಾತುಕತೆಯ ಸ್ಲ್ಯಾಕ್, ತಂತ್ರಾಂಶ ಬರೆಯುವವರ ಗಿಟ್‌ಹಬ್‌ನಲ್ಲಿ :+1: ಎಂದು ಬರೆದರೆ ಹೆಬ್ಬೆರಳಾಗುತ್ತದೆ. ಕನ್ನಡ ಅಂಕಿ ಬರುವ ಕೀಬೋರ್ಡಿನಲ್ಲಿದ್ದು :+೧: ಎಂದು ಬಿದ್ದರೆ ಹಾಗೇ ಉಳಿಯುತ್ತದೆ. ಕನ್ನಡದಲ್ಲೇ ದಿನವಿಡೀ ಟೈಪ್ ಮಾಡುವವರು ಇಲ್ಲಿ ಎಡವುತ್ತಾರೆ.

ಇನ್ನು ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಹಳೆಯ ಫಾಂಟುಗಳು. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ಯುನಿಕೋಡ್ ಆರಿಸಿ ಬರೆದರೆ ಯಾವ ತೊಂದರೆಯೂ ಇಲ್ಲ. ಹಳೆಯ ಫಾಂಟಿನಲ್ಲಿ ಬರೆದರೆ ಒಳಗಿರುವುದು ಇಂಗ್ಲಿಷ್ ಸಂಕೇತಗಳು, ಮೇಲೆ ಕಾಣುವುದು ಮಾತ್ರ ಕನ್ನಡದ ವೇಷ. ಆ ಪಠ್ಯದ ನಡುವೆ ಹಾಕಿದ 👍 ಬೇರೆ ಕಡೆ ಅಂಟಿಸಿದಾಗ ನೆಟ್ಟಗೆ ಇರುತ್ತದೆ, ಸುತ್ತಲಿನ ಕನ್ನಡ ಗೋಜಲಾಗುತ್ತದೆ. ಮೇಲೆ ಹೇಳಿದ್ದಕ್ಕೆ ಸರಿಯಾಗಿ ಉಲ್ಟಾ ಲಕ್ಷಣ, ಹಾಗಾಗಿ ನೋಡಿದ ಕೂಡಲೇ ಗುರುತು ಸಿಗುತ್ತದೆ. ವಿಂಗ್‌ಡಿಂಗ್ಸ್ ಫಾಂಟಿನಿಂದ ಹಾಕಿದ ಸರಿ ಗುರುತಿನದೂ ಇದೇ ಕತೆ. ಕಳಿಸಿದವರ ವರ್ಡ್‌ನಲ್ಲಿ ಸರಿ ಗುರುತು, ತೆಗೆದುಕೊಂಡವರ ಫೋನಿನಲ್ಲಿ ತಲೆಯ ಮೇಲೆ ಎರಡು ಚುಕ್ಕಿ ಇರುವ ಇಂಗ್ಲಿಷ್ ಯು. ಅದನ್ನು ಅಳಿಸಿ ✔ ಅಥವಾ ✅ ಹಾಕಿ.

ಎಸ್‌ಎಂಎಸ್ ಕಳಿಸುವ ಸಂಘಗಳು ಗಮನಿಸಿ. ಇಂಗ್ಲಿಷ್ ಸಂದೇಶಕ್ಕೆ 160 ಅಕ್ಷರದ ಜಾಗ. ಅದರಲ್ಲಿ ಒಂದೇ ಒಂದು 👍 ಸೇರಿದರೂ ಮಿತಿ 70ಕ್ಕೆ ಇಳಿದು, ಒಂದು ಸಂದೇಶದ ದುಡ್ಡಿನಲ್ಲಿ ಹೋಗುತ್ತಿದ್ದದ್ದು ಎರಡು, ಮೂರಾಗಿ ಒಡೆಯುತ್ತದೆ. ಕನ್ನಡ ಸಂದೇಶಕ್ಕೆ ಸಾಮಾನ್ಯವಾಗಿ ಮೊದಲಿಂದಲೇ ಮಿತಿ 70. ಅಲ್ಲಿ ಹೆಬ್ಬೆರಳು ಎರಡು ಅಕ್ಷರದ ಜಾಗ ತಿನ್ನುತ್ತದೆ, ಅಷ್ಟೆ.

ತಲುಪಿತು, ಆದರೆ ಅರ್ಥ?

ಯಂತ್ರದಲ್ಲಿ ಎಲ್ಲ ಸರಿಯಿದ್ದೂ ಒಪ್ಪಿಗೆ ತಪ್ಪಾಗಿ ಓದಲ್ಪಡುವುದುಂಟು. ನಮ್ಮಲ್ಲಿ ಹೆಬ್ಬೆಟ್ಟು ಒತ್ತುವುದು ಎಂದರೆ ಪತ್ರಕ್ಕೆ ಸಹಿ ಹಾಕಿದಷ್ಟೇ ಗಟ್ಟಿ ಮಾತು. ಫೋನಿನ ಹೆಬ್ಬೆರಳು ಹಾಗಲ್ಲ. ನಮ್ಮ ಬಡಾವಣೆಯ ಗುಂಪಿನಲ್ಲಿ ಕೆಲವರು "ನೋಡಿದೆ" ಎನ್ನಲು 👍 ಹಾಕುತ್ತಾರೆ, ಕೆಲವರು "ಆಗಲಿ, ದುಡ್ಡು ಕೊಡುತ್ತೇನೆ" ಎನ್ನಲು. ಹೌದು, ಇಲ್ಲ, ಥ್ಯಾಂಕ್ಸ್, ಕ್ಷಮಿಸಿ, ಎಲ್ಲಕ್ಕೂ 🙏 ಹಾಕುವವರು ಬೇರೆ. ಹೆಚ್ಚುವರಿ ಟ್ಯಾಂಕರ್ ತರಿಸಿದ ಮೇಲೆ "ನಾನು ನೋಡಿದೆ ಅಂತ ಒತ್ತಿದ್ದು, ಬೇಕು ಅಂದಿರಲಿಲ್ಲ" ಎಂದವರ ಜೊತೆ ವಾದ ಮಾಡಿ ಫಲವಿಲ್ಲ, ಅವರು ಹೇಳಿದ್ದೂ ನಿಜವೇ.

ಕೆನಡಾದ ಸಸ್ಕಾಚೆವಾನ್‌ನಲ್ಲಿ ಇದು ಕೋರ್ಟಿನವರೆಗೆ ಹೋಯಿತು. ಅಗಸೆ ಕೊಳ್ಳುವವರು ಕರಾರಿನ ಫೋಟೋ ಕಳಿಸಿದರು, ರೈತ 👍 ಎಂದು ಉತ್ತರಿಸಿದ. ಕರಾರು ತಲುಪಿತು ಎಂದಷ್ಟೇ ತನ್ನ ಅರ್ಥ ಎಂಬುದು ಅವನ ವಾದ. 2023ರಲ್ಲಿ ನ್ಯಾಯಾಲಯ ಅದನ್ನು ಒಪ್ಪಿಗೆಯೆಂದೇ ಪರಿಗಣಿಸಿ 82,000 ಕೆನಡಿಯನ್ ಡಾಲರಿಗೂ ಹೆಚ್ಚು ಕೊಡುವಂತೆ ಹೇಳಿತು. ಮೇಲ್ಮನವಿ ನ್ಯಾಯಾಲಯವೂ 2024ರಲ್ಲಿ ಅದನ್ನೇ ಎತ್ತಿಹಿಡಿಯಿತು. ಹಿಂದಿನ ವ್ಯವಹಾರಗಳಲ್ಲಿ ಅವನು "ಸರಿ", "ಆಯ್ತು" ಎಂಬಂಥ ಚುಟುಕು ಉತ್ತರ ಕೊಟ್ಟು ಮಾಲು ತಲುಪಿಸಿದ್ದದ್ದೂ ಲೆಕ್ಕಕ್ಕೆ ಬಂತು.

ಹಾಗಾಗಿ ಈಗ ನಮ್ಮ ಸಂದೇಶದ ಕೊನೆಯಲ್ಲೇ ಬರೆದಿರುತ್ತದೆ: "ಓದಿದ್ದರೆ 👍. ನೀರು ಬೇಕಿದ್ದರೆ ✅ ಮತ್ತು ಹೊತ್ತು." ಹೊತ್ತು ಬರೆಯದ ✅ ಬಂದರೆ ಫೋನ್ ಮಾಡಿ ಕೇಳುತ್ತೇವೆ.

ಹಳೆಯ ಸಾಲುಗಳ ಗತಿ

ಟೇಬಲ್ ಸರಿಮಾಡಿದರೂ ಅದಕ್ಕೆ ಮೊದಲು ಕತ್ತರಿಸಿಹೋದದ್ದು ವಾಪಸು ಬರುವುದಿಲ್ಲ, ಅದು ಡೇಟಾಬೇಸ್ ಒಳಗೆ ಸೇರಿಯೇ ಇರಲಿಲ್ಲ. ಯಾರದು ಹೋಗಿದೆ ಎಂದು ಪತ್ತೆ ಹಚ್ಚಬಹುದು. ದಿನಾಂಕ, ಸಮಯ ಇದ್ದು ಉತ್ತರ ಖಾಲಿ ಇರುವ ಸಾಲುಗಳು ಬಹುಪಾಲು ಹೆಬ್ಬೆರಳಿನಿಂದ ಶುರುವಾದವು. ಖಾಲಿ ಜಾಗದಲ್ಲಿ, ಅಂದರೆ ಸ್ಪೇಸ್‌ನಲ್ಲಿ ಮುಗಿಯುವ ಸಾಲುಗಳನ್ನೂ ತೆಗೆಯಿರಿ, ಪದ ಬರೆದು ಸ್ಪೇಸ್ ಕೊಟ್ಟು ಇಮೋಜಿ ಹಾಕುವುದು ಜನರ ರೂಢಿ. ನಾನು ಹಾಗೆ ತೆಗೆದ ಪಟ್ಟಿ ಹಿಡಿದು ಒಂದು ಭಾನುವಾರ ಕ್ರಾಸ್‌ನಿಂದ ಕ್ರಾಸಿಗೆ ನಡೆದು, ಫೋನಿನಲ್ಲಿ ಉಳಿಸಿಕೊಂಡವರದನ್ನು ನೋಡಿ, ಉಳಿದವರನ್ನು ಬಾಯಿಮಾತಲ್ಲಿ ಕೇಳಿ ಪುಸ್ತಕದಲ್ಲಿ ಬರೆದುಕೊಂಡು ಬಂದೆ. ನಾಲ್ಕನೇ ಕ್ರಾಸಿನ ಆ ಮನೆಯ ಸಾಲಿನಲ್ಲಿ ಹೊತ್ತು ಬೆಳಿಗ್ಗೆ 7ರೊಳಗೆ ಎಂದು ತುಂಬಿಸಿದೆ. ಮಾರನೇ ದಿನದಿಂದ ಟ್ಯಾಂಕರ್ ಮೊದಲು ನಿಂತದ್ದು ಅಲ್ಲೇ.